‘ಯಾವ ಕಂಪನಿದು?’ ಅಂತ ಕೇಳುವವರಿಗೆ ನನ್ನ ಉತ್ತರ

"ಸರ್, ಒಂದು ಹಳೇ ರಿವಾಲ್ವರ್ ಇದೆ. ನೋಡೋಕೆ ವಿಚಿತ್ರವಾಗಿದೆ. ಯಾವ ಕಂಪನಿದು? ಎಷ್ಟು ಬೆಲೆ ಬಾಳುತ್ತೆ?"

ನನಗೆ ಬರುವ ಪ್ರಶ್ನೆ ಯಾವಾಗಲೂ ಇದೇ. ಜೊತೆಗೆ ಒಂದು ಫೋಟೋ ಇರುತ್ತದೆ, ಅರ್ಧ ಕತ್ತಲಲ್ಲಿ ತೆಗೆದದ್ದು. ನಾನು ನೋಡಬೇಕಾದ ಜಾಗದ ಮೇಲೇ ಹೆಬ್ಬೆರಳು ಇರುತ್ತದೆ. ಫೋನಿನಲ್ಲಿ, ದಾರಿಯಲ್ಲಿ, ಊಟದ ಮಧ್ಯೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ಮೇಲೆ ಯಾರು ಕೇಳಿದರೂ ಇದನ್ನು ಓದಿ ಅನ್ನುತ್ತೇನೆ.

ಕಂಪನಿಗಿಂತ ಮೊದಲು ಒಂದು ಮಾತು. ಅದರಲ್ಲಿ ಗುಂಡು ಇದೆಯಾ ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. "ಅಯ್ಯೋ, ನೂರು ವರ್ಷ ಹಳೇದು, ಏನಾಗುತ್ತೆ?" ಅನ್ನುತ್ತಾರೆ. ಹಳೇ ಗುಂಡೂ ಹಾರುತ್ತದೆ. ಅದರಲ್ಲೂ ಪಿನ್‌ಫೈರ್ ಅನ್ನುವ ಬಗೆ ತುಂಬ ಅಪಾಯ. ಅದರ ಕಾರ್ಟ್ರಿಡ್ಜ್‌ನ, ಅಂದರೆ ಗುಂಡು ಮದ್ದು ಎರಡನ್ನೂ ಹಿಡಿದ ಕೊಳವೆಯ, ಪಕ್ಕದಿಂದ ಒಂದು ಸಣ್ಣ ಪಿನ್ ಹೊರಗೆ ಚಾಚಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಹ್ಯಾಮರ್ ಅನ್ನುವ ಸುತ್ತಿಗೆಯಂಥ ಭಾಗ ಆ ಪಿನ್ನಿಗೆ ಬಡಿದರೆ ಗುಂಡು ಹಾರುತ್ತದೆ. ಕೈಜಾರಿ ನೆಲಕ್ಕೆ ಬಿದ್ದು ಪಿನ್ನಿಗೆ ಪೆಟ್ಟಾದರೂ ಹಾರಬಹುದು. ಗುಂಡು ತುಂಬುವ, ತಿರುಗುವ ಉರುಳೆಗೆ ಸಿಲಿಂಡರ್ ಅನ್ನುತ್ತಾರೆ. ಅದರ ಹಿಂದಿನ ಅಂಚಿನಲ್ಲಿ ಪ್ರತಿ ತೂತಿಗೂ ಒಂದು ಸಣ್ಣ ಕಚ್ಚು ಕಂಡರೆ ಅದು ಪಿನ್‌ಫೈರ್. ಒಳಗೆ ಏನಾದರೂ ಇದ್ದರೆ ತಿಳಿದವರನ್ನು ಕರೆಸಿ, ನೀವೇ ಕುಟ್ಟಿ ತೆಗೆಯಬೇಡಿ. ಇಂಥದ್ದನ್ನು ಇಟ್ಟುಕೊಳ್ಳಲು ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಮೊದಲೇ ತಿಳಿದುಕೊಳ್ಳಿ. ಪರೀಕ್ಷೆಗೆ ಅಂತ ಸುಮ್ನೆ ಒಂದು ಗುಂಡು ಹಾರಿಸಿ ನೋಡುವ ಯೋಚನೆ ಅಂತೂ ಬೇಡವೇ ಬೇಡ.

ಇನ್ನು ಕಂಪನಿಯ ವಿಷಯ. ಕೋಲ್ಟ್, ಸ್ಮಿತ್ ಆಂಡ್ ವೆಸನ್, ವೆಬ್ಲಿ ಇವರ ಮಾಲಿನ ಮೇಲೆ ಸಾಮಾನ್ಯವಾಗಿ ಅವರ ಹೆಸರೇ ಇರುತ್ತದೆ. ಹೆಸರು ಇದ್ದಿದ್ದರೆ ನೀವು ನನ್ನನ್ನು ಕೇಳುತ್ತಲೇ ಇರಲಿಲ್ಲ, ಅಲ್ವಾ? ನನ್ನ ಹತ್ತಿರ ಬರುವುದು ಹೆಸರಿಲ್ಲದವು, ಇಲ್ಲವೇ ದಾರಿ ತಪ್ಪಿಸುವ ಹೆಸರು ಇರುವವು. ಅವುಗಳಲ್ಲಿ ಬಹಳಷ್ಟು ಬೆಲ್ಜಿಯಂನ ಲಿಯೇಜ್ ಪಟ್ಟಣದವು. 19ನೇ ಶತಮಾನದಲ್ಲಿ ಅಲ್ಲಿ ಬಂದೂಕಿನ ಕೆಲಸ ಒಂದೇ ಕಾರ್ಖಾನೆಯ ಸೂರಿನಡಿ ನಡೆಯುತ್ತಿರಲಿಲ್ಲ. ನಳಿಗೆ ಮಾಡುವವರು ಒಬ್ಬರು, ಹ್ಯಾಮರ್ ಉಜ್ಜುವವರು ಇನ್ನೊಬ್ಬರು, ಹಿಡಿಯ ಮರ ಕೆತ್ತುವವರು ಮತ್ತೊಬ್ಬರು. ಎಷ್ಟೋ ಜನ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಇವನ್ನೆಲ್ಲ ಕೂಡಿಸಿ ಮಾರುತ್ತಿದ್ದವನು ತಯಾರಕ ಅನ್ನಿಸಿಕೊಳ್ಳುತ್ತಿದ್ದ. ಅಂಥ ರಿವಾಲ್ವರ್ ಹಿಡಿದು ‘ಯಾವ ಕಂಪನಿ’ ಅಂತ ಕೇಳಿದರೆ ನಾನು ಯಾರ ಹೆಸರು ಹೇಳಲಿ?

ಹೇಳಬಹುದಾದದ್ದು ಊರಿನ ಹೆಸರು. ಲಿಯೇಜ್‌ನಲ್ಲಿ ಪ್ರೂಫ್ ಹೌಸ್ ಇತ್ತು. ಬಂದೂಕಿಗೆ ಜಾಸ್ತಿ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಠಸ್ಸೆ ಒತ್ತುವ ಕಚೇರಿ ಅದು. ಆ ಠಸ್ಸೆ ನಿಮ್ಮ ರಿವಾಲ್ವರಿನ ಸಿಲಿಂಡರ್ ಮೇಲೆ ಇರಬಹುದು. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅನ್ನುವ ಮೂರು ಅಕ್ಷರ, ಕೆಳಗೆ ಒಂದು ನಕ್ಷತ್ರ. ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಿಮ್ಮ ಹೆಬ್ಬೆರಳು ಮುಚ್ಚಿಕೊಳ್ಳುವುದು ಇದನ್ನೇ.

ಒಬ್ಬರು ತಮ್ಮ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮುಂದೆ ಇಟ್ಟಿದ್ದರು. ಗಿಡ್ಡ ನಳಿಗೆ, ಐದು ಗುಂಡಿನ ಸಿಲಿಂಡರ್, ದಪ್ಪ ಹಿಡಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ಬ್ರಿಟಿಷ್ ಬುಲ್ ಡಾಗ್’ ಅಂತ ಇತ್ತು. ಇದು ಇಂಗ್ಲೆಂಡಿನದು, ಒಬ್ಬ ಆಂಗ್ಲ ಅಧಿಕಾರಿ ಅವರ ಮುತ್ತಜ್ಜನಿಗೆ ಕೊಟ್ಟದ್ದು ಅಂತ ಮನೆಯವರೆಲ್ಲ ನಂಬಿದ್ದರು. ಆ ಹೆಸರಿನ ರಿವಾಲ್ವರನ್ನು ಮೊದಲು ತಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ, 1872ರಲ್ಲಿ. ಅದು ಎಷ್ಟು ಚೆನ್ನಾಗಿ ಮಾರಾಟವಾಯಿತು ಅಂದರೆ ಬೆಲ್ಜಿಯಂನಲ್ಲೂ ಅಮೆರಿಕದಲ್ಲೂ ಅದೇ ಹೆಸರಲ್ಲಿ ಮಾಡಿ ಮಾರಿದರು. ನಾನು ಲೆನ್ಸ್ ಹಿಡಿದು ಸಿಲಿಂಡರ್ ತಿರುಗಿಸಿದೆ. ಇ, ಎಲ್, ಜಿ ಮತ್ತು ನಕ್ಷತ್ರ ಕಂಡವು. ಗೆರೆಯ ಮೇಲೆ ಕಿರೀಟ ಇರಲಿಲ್ಲ. ಲಿಯೇಜ್‌ನವರು ಆ ಠಸ್ಸೆಗೆ ಕಿರೀಟ ಸೇರಿಸಿದ್ದು 1893ರಲ್ಲಿ. ಅಂದರೆ ಇದು ಅದಕ್ಕಿಂತ ಹಿಂದಿನದು. ಪಕ್ಕದಲ್ಲಿ ಪರೀಕ್ಷಕನ ಗುರುತಾಗಿ ಒಂದು ಅಕ್ಷರ, ಅದರ ಮೇಲೆ ನಕ್ಷತ್ರ. 1877ರವರೆಗೆ ಅಲ್ಲಿ ಕಿರೀಟ ಇರುತ್ತಿತ್ತು, ಆಮೇಲೆ ನಕ್ಷತ್ರ ಬಂತು. ಹಾಗಾಗಿ ಇದು 1877 ಮತ್ತು 1893ರ ನಡುವಿನ ಲಿಯೇಜ್ ಮಾಲು.

ನನಗೆ ತುಂಬ ಖುಷಿಯಾಗಿತ್ತು. ಮಾಡಿದವರ ಹೆಸರೇ ಇಲ್ಲದ ಒಂದು ವಸ್ತು ತನ್ನ ಊರನ್ನೂ ಕಾಲವನ್ನೂ ಅಷ್ಟು ಸ್ಪಷ್ಟವಾಗಿ ಹೇಳಿತ್ತು. ಅವರ ಮುಖ ಮಾತ್ರ ಬಾಡಿತು. "ಅಂದ್ರೆ ಡೂಪ್ಲಿಕೇಟಾ ಸರ್?" ಅಂದರು.

ಈ ‘ಡೂಪ್ಲಿಕೇಟ್’ ಅನ್ನುವ ಮಾತು ಕೇಳಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಅದನ್ನು ಮಾಡಿದ ಕೈಗಳು ಕೆಲಸ ಬಲ್ಲ ಕೈಗಳು. ನೂರಾರು ವರ್ಷಗಳ ಕಸುಬು ಆ ಊರಿನದು. ಒಳಗಿನ ಭಾಗಗಳನ್ನು ಅರ ಹಾಕಿ ಒಂದಕ್ಕೊಂದು ಕೂಡಿಸಿದ್ದು ಈಗಲೂ ಸಡಿಲವಾಗಿರಲಿಲ್ಲ. ಅಧಿಕಾರಿ ಕೊಟ್ಟ ಕತೆಯೂ ಇದರಿಂದ ಸುಳ್ಳಾಗುವುದಿಲ್ಲ. ಜೇಬಿನಲ್ಲಿ ಇಟ್ಟುಕೊಳ್ಳುವ ರಿವಾಲ್ವರನ್ನು ಇಂಗ್ಲಿಷರು ಬೆಲ್ಜಿಯಂನದನ್ನೂ ಕೊಂಡುಕೊಳ್ಳುತ್ತಿದ್ದರು. ಸುಳ್ಳಾದದ್ದು ‘ಇಂಗ್ಲೆಂಡಿನದು’ ಅನ್ನುವ ಒಂದೇ ಮಾತು. ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಆಮೇಲೆ ಬೆಲೆ ಎಷ್ಟಾಗಬಹುದು ಅಂತ ಕೇಳಿದರು.

ಯಾರಾದರೂ ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಲಿ ಅಂತ ಆಸೆ. "ಇದು ಯಾಕೆ ಹೀಗಿದೆ?" ವಿಚಿತ್ರವಾಗಿದೆ ಅಂತ ನೀವೇ ಹೇಳುತ್ತೀರಿ. ಆ ವಿಚಿತ್ರಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣ ಹಿಡಿದು ಹೋದರೆ ರಿವಾಲ್ವರ್ ಎಲ್ಲಿಂದ ಬಂತು ಅನ್ನುವುದೂ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಈಗ ಎಲ್ಲ ರಿವಾಲ್ವರಿನ ಸಿಲಿಂಡರಿಗೂ ಈ ತುದಿಯಿಂದ ಆ ತುದಿಗೆ ಆರುಪಾರು ತೂತು ಇರುತ್ತದೆ, ಹಿಂದಿನಿಂದ ಗುಂಡು ತುಂಬುತ್ತೇವೆ. ಇದು ಎಷ್ಟು ಸಹಜ ಅನ್ನಿಸುತ್ತದೆ! ಆದರೆ ಅಮೆರಿಕದಲ್ಲಿ ಈ ಆರುಪಾರು ತೂತಿಗೆ ಪೇಟೆಂಟ್ ಇತ್ತು. ರಾಲಿನ್ ವೈಟ್ ಅನ್ನುವವರು 1855ರಲ್ಲಿ ಪಡೆದದ್ದು. ಸ್ಮಿತ್ ಆಂಡ್ ವೆಸನ್ ಅವರಿಗೆ ಪ್ರತಿ ರಿವಾಲ್ವರಿಗೆ 25 ಸೆಂಟ್ ಕೊಡುವ ಕರಾರು ಮಾಡಿಕೊಂಡು, 1857ರಲ್ಲಿ ತಮ್ಮ ಮೊದಲ ಮಾಡೆಲ್ ತಂದಿತು. ಉಳಿದವರು ಏನು ಮಾಡಬೇಕು? ತೂತನ್ನು ಹಿಂದೆ ಮುಚ್ಚಿಬಿಟ್ಟರು. ಬ್ರೂಕ್ಲಿನ್‌ನ ಮೂರ್ ಕಂಪನಿ, ಸಿಲಿಂಡರಿನ ಹಿಂದೆ ಸಣ್ಣ ಕಂಡಿ ಮಾತ್ರ ಬಿಟ್ಟು, ಗುಂಡನ್ನು ಮುಂದಿನಿಂದ ತುಂಬುವ ಹಾಗೆ ಮಾಡಿತು. ಕಾರ್ಟ್ರಿಡ್ಜಿನ ತಳದಲ್ಲಿ ಮೊಲೆತೊಟ್ಟಿನಂಥ ಒಂದು ತುದಿ, ಅದು ಆ ಕಂಡಿಯಿಂದ ಹಿಂದಕ್ಕೆ ಚಾಚುತ್ತದೆ, ಹ್ಯಾಮರ್ ಅದಕ್ಕೆ ಬಡಿಯುತ್ತದೆ. ಕನೆಕ್ಟಿಕಟ್‌ನ ಪ್ಲಾಂಟ್ ಕಂಪನಿ ತಳ ಬಟ್ಟಲಿನ ಹಾಗೆ ಒಳಗೆ ತಗ್ಗಿರುವ ಕಾರ್ಟ್ರಿಡ್ಜ್ ಮಾಡಿತು. ಅದೂ ಮುಂದಿನಿಂದಲೇ ತುಂಬುವುದು. ಇವೆಲ್ಲ ಒಂದು ಪೇಟೆಂಟಿನಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಆಕಾರಗಳು. 1869ರಲ್ಲಿ ಪೇಟೆಂಟ್ ಮುಗಿಯಿತು. ವೈಟ್ ಅವರಿಗೆ ಅನುಕೂಲವಾಗುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಪಾಸಾದರೂ ಅಧ್ಯಕ್ಷ ಗ್ರಾಂಟ್ 1870ರಲ್ಲಿ ಅದಕ್ಕೆ ಸಹಿ ಹಾಕಲಿಲ್ಲ, ವಾಪಸ್ ಕಳಿಸಿದರು. ಆಮೇಲೆ ಈ ಸುತ್ತುಬಳಸು ಆಕಾರಗಳು ಬೇಕಾಗಲಿಲ್ಲ.

ಅದೇ ಕಾಲದ ಯುರೋಪಿನಲ್ಲಿ ಈ ಅಡ್ಡಿ ಇರಲಿಲ್ಲ. ಫ್ರಾನ್ಸಿನ ಯುಜೀನ್ ಲೆಫೊಶೋ 1854ರಲ್ಲೇ ಆರುಪಾರು ತೂತಿನ ಪಿನ್‌ಫೈರ್ ರಿವಾಲ್ವರ್ ತಂದಿದ್ದರು. 1858ರಲ್ಲಿ ಫ್ರೆಂಚ್ ನೌಕಾದಳ ಅದನ್ನು ತೆಗೆದುಕೊಂಡಿತು. ಹಾಗಾಗಿ ಲೋಹದ ಕಾರ್ಟ್ರಿಡ್ಜಿನ ಒಂದು ರಿವಾಲ್ವರ್ ಮುಂದಿನಿಂದ ಗುಂಡು ತುಂಬುವಂತಿದ್ದರೆ, ಅದರ ಮೇಲೆ ಒಂದಕ್ಷರ ಇಲ್ಲದಿದ್ದರೂ ನಾನು ಮೊದಲು ಅಮೆರಿಕದ ಕಡೆ, 1860ರ ದಶಕದ ಕಡೆ ನೋಡುತ್ತೇನೆ. ಬರೀ ಒಂದು ತೂತು ಇಷ್ಟು ಹೇಳುತ್ತದೆ!

ಬೇರೆ ವಿಚಿತ್ರಗಳೂ ಹೀಗೇ. ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತಲಿನ ಬಳೆ, ಅಂದುಕೊಂಡದ್ದು ಒಂದು ಉದ್ದ ಸನ್ನೆಕೋಲಾಗಿದ್ದು, ಎಳೆದರೆ ನಳಿಗೆ ಸಿಲಿಂಡರ್ ಎರಡೂ ಮುಂದೆ ಜಾರಿ ಖಾಲಿ ಕಾರ್ಟ್ರಿಡ್ಜ್ ಉದುರಿದರೆ, ಅದು ಗಲಾಂ ಅನ್ನುವ ಬಂದೂಕು ತಯಾರಕರ 1868ರ ಮಾದರಿ. ಲಿಯೇಜ್‌ನಲ್ಲೂ ಪ್ಯಾರಿಸ್‌ನಲ್ಲೂ ಅವರ ವ್ಯವಹಾರ ಇತ್ತು. ಟ್ರಿಗರ್ ಮಡಚಿಕೊಂಡು, ಗಾರ್ಡೇ ಇಲ್ಲದೆ, 5.75 ಮಿಲಿಮೀಟರಿನ ಸಣ್ಣ ಉದ್ದ ಗುಂಡು ಹಿಡಿಯುವುದು ವೆಲೋ-ಡಾಗ್. ಸೈಕಲ್ ಹತ್ತಿದವರನ್ನು ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದ ಕಾಲದ್ದು ಅದು, ಅವನ್ನು ಓಡಿಸಲು ಮಾಡಿದ್ದು. ನಾಯಿಗಳ ಬಗ್ಗೆ ನನಗೆ ಕನಿಕರ ಇದೆ. ಸಿಲಿಂಡರ್ ಮೇಲೆ ಹಾವು ಹರಿದ ಹಾಗೆ ಅಂಕುಡೊಂಕು ತೋಡು ಇದ್ದರೆ ಅದು ವೆಬ್ಲಿ-ಫಾಸ್ಬರಿ. ಗುಂಡು ಹಾರಿದ ರಭಸಕ್ಕೆ ಮೇಲಿನ ಭಾಗ ಹಿಂದೆ ಸರಿದು, ಆ ತೋಡಿನಲ್ಲಿ ಓಡುವ ಒಂದು ಮೊಳೆ ಸಿಲಿಂಡರನ್ನು ತಾನೇ ತಿರುಗಿಸುತ್ತದೆ.

ಇನ್ನು ಓದಿ ಮೋಸಹೋಗುವ ಬರಹಗಳ ಬಗ್ಗೆ. ರಿವಾಲ್ವರ್ ಮೇಲಿನ ಇಸವಿ ಅದು ಹುಟ್ಟಿದ ಇಸವಿ ಆಗಿರಬೇಕಿಲ್ಲ. ಹಳೇ ಸ್ಮಿತ್ ಆಂಡ್ ವೆಸನ್ ಸಿಲಿಂಡರಿನ ಮೇಲೆ ‘ಏಪ್ರಿಲ್ 3, 1855’ ಅಂತ ಇರುತ್ತದೆ. ಅದು ವೈಟ್ ಅವರ ಪೇಟೆಂಟಿನ ದಿನ, ಆಗ ಆ ರಿವಾಲ್ವರ್ ಇನ್ನೂ ಹುಟ್ಟಿರಲೇ ಇಲ್ಲ. ‘ಬ್ರೆವೆ’ ಅಂದರೂ ಪೇಟೆಂಟೇ, ಮಾಡಿದವರ ಹೆಸರಲ್ಲ. ಜೊತೆಗೆ ಬರುವ ಎಸ್.ಜಿ.ಡಿ.ಜಿ. ಅನ್ನುವುದಕ್ಕೆ ‘ಈ ಪೇಟೆಂಟಿಗೆ ಸರ್ಕಾರದ ಖಾತ್ರಿ ಇಲ್ಲ’ ಅಂತ ಅರ್ಥ, ಫ್ರೆಂಚ್ ಕಾನೂನಿನ ಮಾತು. ಸ್ಮಿತ್ ಆಂಡ್ ವೆಸನ್ ಹೆಸರು ಕಂಡ ಕೂಡಲೇ ಹಿಗ್ಗಬೇಡಿ. ಸ್ಪೇನಿನ ಎಯ್ಬಾರ್ ಊರಿನ ಎಷ್ಟೋ ರಿವಾಲ್ವರುಗಳಲ್ಲಿ ಆ ಹೆಸರು ಬರುವುದು ಯಾವ ಗುಂಡು ಹಾಕಬೇಕು ಅಂತ ಹೇಳಲು. ಬರ್ಮಿಂಗ್‌ಹ್ಯಾಮ್ ಠಸ್ಸೆ ಇದ್ದ ಮಾತ್ರಕ್ಕೆ ಬರ್ಮಿಂಗ್‌ಹ್ಯಾಮ್ ಮಾಲೂ ಆಗುವುದಿಲ್ಲ. ಪ್ರೂಫ್ ಠಸ್ಸೆ ಪರೀಕ್ಷೆ ನಡೆದ ಜಾಗ ಹೇಳುತ್ತದೆ ಅಷ್ಟೇ. 1925ರ ನಿಯಮದ ನಂತರ ಹೊರದೇಶದ ಬಂದೂಕುಗಳ ಮೇಲೆ ಇಂಗ್ಲಿಷರು ‘ನಾಟ್ ಇಂಗ್ಲಿಷ್ ಮೇಕ್’ ಅಂತಲೇ ಒತ್ತುತ್ತಿದ್ದರು. ಅದಕ್ಕೂ ಮೊದಲು, 1915ರಲ್ಲಿ, ಯುದ್ಧಕ್ಕೆ ರಿವಾಲ್ವರ್ ಸಾಲದೆ ಬ್ರಿಟಿಷ್ ಸರ್ಕಾರವೇ ಎಯ್ಬಾರ್‌ನಿಂದ .455 ಇಂಚು ಅಳತೆಯವನ್ನು ತರಿಸಿಕೊಂಡಿತ್ತು. ಅವುಗಳ ಮೇಲೆ ಬ್ರಿಟಿಷ್ ಗುರುತು ನೋಡಿ ಎಷ್ಟು ಜನ ನನ್ನ ಜೊತೆ ವಾದ ಮಾಡಿದ್ದಾರೋ!

ಸೀರಿಯಲ್ ನಂಬರ್ ಒಂದನ್ನೇ ಕಳಿಸಿ ಇಸವಿ ಕೇಳುವವರಿಗೆ: ಹೆಸರಿಲ್ಲದ ಲಿಯೇಜ್ ಮಾಲಿನಲ್ಲಿ ಆ ಸಂಖ್ಯೆಯಿಂದ ಇಸವಿ ಸಿಗುವುದಿಲ್ಲ. ಬಿಡಿಭಾಗಗಳು ಬೆರೆತುಹೋಗದಿರಲಿ ಅಂತಲೂ ಸಂಖ್ಯೆ ಒತ್ತುತ್ತಿದ್ದರು. ‘ಬೆಲ್ಜಿಯಂ’ ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅನ್ನುವ ನಿಯಮವನ್ನು ಅಮೆರಿಕ 1891ರಿಂದ ಜಾರಿಗೆ ತಂದಿತು. ಅಂಥ ರಿವಾಲ್ವರ್ ಬಹುಪಾಲು ಅದರ ನಂತರದ್ದು, ಅಮೆರಿಕದ ಗಿರಾಕಿಗೆ ಅಂತ ಮಾಡಿದ್ದು.

ಇಷ್ಟಾದ ಮೇಲೂ ಕೇಳಬೇಕು ಅಂದರೆ ಕೇಳಿ, ನಾನು ಬೇಡ ಅನ್ನುವುದಿಲ್ಲ. ಹಗಲು ಬೆಳಕಿನಲ್ಲಿ ಎರಡೂ ಪಕ್ಕದ ಫೋಟೋ ತೆಗೆಯಿರಿ. ಸಿಲಿಂಡರಿನ ಸುತ್ತ, ಅದರ ಹಿಂಬದಿ, ನಳಿಗೆಯ ಕೆಳಭಾಗ, ಹಿಡಿಯ ಮರ ಬಿಚ್ಚಲು ಬಂದರೆ ಅದರ ಒಳಗಿನ ಲೋಹ. ಎಷ್ಟು ಚಿಕ್ಕ ಗುರುತಾದರೂ ಬಿಡಬೇಡಿ. ನಳಿಗೆಯ ಬಾಯಿಯನ್ನೂ ಸಿಲಿಂಡರಿನ ತೂತನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆಯಿರಿ, ನಳಿಗೆಯೊಳಗೆ ಎಷ್ಟು ಸುರುಳಿ ತೋಡುಗಳಿವೆ, ಯಾವ ಕಡೆ ತಿರುಗುತ್ತವೆ ಅನ್ನುವುದನ್ನೂ.

ಮತ್ತೆ ದಯವಿಟ್ಟು, ಫೋಟೋಗೆ ಚೆನ್ನಾಗಿ ಕಾಣಲಿ ಅಂತ ಉಜ್ಜಬೇಡಿ. ಉಪ್ಪುಕಾಗದ ಬೇಡ, ಬಫಿಂಗ್ ಮಷೀನ್ ಬೇಡ. ಹಳೇ ಬಣ್ಣದ ಜೊತೆಗೆ ನಿಮಗೆ ಬೇಕಾದ ಬೆಲೆಯೂ ಹೋಗುತ್ತದೆ. ಆ ಠಸ್ಸೆಗಳು ಆಳ ಇರುವುದಿಲ್ಲ, ಉಜ್ಜಿದರೆ ಮೊದಲು ಅಳಿಯುವುದು ಅವೇ. ಮೆತ್ತನೆ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿದರೆ ಸಾಕು.