ಮಷೀನ್ನ್ಯಾಗ ಮರಿ ಆಗ್ತಾವ, ತಾಯಿ ಆಗಂಗಿಲ್ಲ

ಕಲಬುರಗಿ ಕಡಿ ನಾ ಕೋಳಿ ಸಾಕ್ತೀನಿ ಅಂದ್ರ ಸಾಕು, ಮೊದಲ್ನೇ ಪ್ರಶ್ನಿನೇ 'ಕಡಕ್‌ನಾಥ್ ಅದ ಏನ್ರಿ?' ಆಳಂದದವ್ರೂ ಅದೇ ಕೇಳ್ತಾರ, ಸೇಡಂದವ್ರೂ ಅದೇ, ಬೀದರ್ ಕಡಿಂದ ಫೋನ್ ಬಂದ್ರೂ ಅದೇ. ಅದ ರೀ, ಇಲ್ಲಂತಲ್ಲ, ಒಂದ್ ಮೂಲ್ಯಾಗ ಕರ್ರಗ ಅಡ್ಡಾಡ್ಕೊಂಡವ, ಆದ್ರ ನಾ ಜೀವ ಇಟ್ಟು ಸಾಕೋದು ಅಸೀಲ್ (ಕಾಳಗಕ್ಕ ಹೆಸರಾದ ತಳಿ) ಮತ್ತ ನಮ್ಮೂರಾನ ಜವಾರಿ, ಅಂದ್ರ ನಾಟಿ ಕೋಳಿ. ಯಾಕ ಅಂತ ಫೋನಿನ್ಯಾಗ ಒಬ್ಬೊಬ್ಬರಿಗೆ ಹೇಳಿ ಸಾಕಾಗ್ಯದ, ಅದಕ್ಕ ಇಲ್ಲೇ ಬರದ್ ಹಾಕ್ಲತ್ತೀನಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡಿ ಭಿಲ್ ಮಂದಿ ಸಾಕ್ಕೊಂಡ್ ಬಂದ ಕೋಳಿ, 2018ರಾಗ ಅದರ ಮಾಂಸಕ್ಕ ಜಿಐ ಟ್ಯಾಗ್ (ಇದು ಆ ಸೀಮಿದೇ ಅನ್ನೋ ಸರ್ಕಾರಿ ಗುರ್ತು) ಸಿಕ್ತು, ಅಲ್ಲಿಂದ ಶುರು ಆತು ನೋಡ್ರಿ ಈ ಹುಚ್ಚು. ತೊಗಲು, ಮಾಂಸ ಎಲ್ಲಾ ಕಪ್ಪು, ಆದ್ರ ತತ್ತಿ ಕಪ್ಪಿರಂಗಿಲ್ಲ, ತಿಳಿ ಕಂದು ಇರ್ತದ, ವಾಟ್ಸಪ್ಪಿನ್ಯಾಗ ಬರೋ ಕರೀ ತತ್ತಿ ಫೋಟೋ ನೋಡಿ ನನಗ ಜಗಳ ತೆಗೀಬ್ಯಾಡ್ರಿ. ಇನ್ನೊಂದು, ಕಪ್ಪದ ಅಂದ್ಕೂಡ್ಲೇ ಅಸಲಿ ಅಂತನೂ ತಿಳ್ಕೋಬ್ಯಾಡ್ರಿ. ಕಡಕ್‌ನಾಥ್ ಹುಂಜನ್ನ ಬಿಳಿ ಕಾಲಿನ ಜವಾರಿ ಹ್ಯಾಟಿಗೆ (ಹೆಣ್ಣು ಕೋಳಿಗೆ) ಬಿಟ್ರ ಹೆಣ್ಮರಿ ಕಪ್ಪಾಗೇ ಬರ್ತಾವ, ಹುಂಜಮರಿ ಅಷ್ಟು ಕಪ್ಪಾಗಂಗಿಲ್ಲ, ತಿಳಿ ಬಿಡ್ತಾವ. ಹೆಣ್ಮರಿ ಇಷ್ಟೇ ಸಂತಿಗೆ ತಂದು ಪ್ಯೂರ್ ಅಂತ ಮಾರಿದ್ರ ಕಣ್ಣಿನ ಮ್ಯಾಲ ಗುರ್ತು ಹಿಡಿಯೋದು ಕಷ್ಟ. ತಗೊಳ್ಳೋರು ಒಂದ ಗೂಡಿನ ಹುಂಜಮರಿ ಹೆಣ್ಮರಿ ಎರಡೂ ಕೂಡಿಸಿ ನೋಡ್ರಿ ಅಂತ ನಾ ಹೇಳೋದು.

ಆದ್ರ ನನ್ನ ತಕರಾರು ಬ್ಯಾರೇನೇ ಅದ. ಕಡಕ್‌ನಾಥ್ ಹ್ಯಾಟಿ ಕಾವಿಗೆ ಕೂಡೋದು ಅಪರೂಪ. ತತ್ತಿ ಇಟ್ಟು ಎದ್ದು ಹೋಗಿಬಿಡ್ತದ, ಹಿಂದ ತಿರುಗಿ ನೋಡಂಗಿಲ್ಲ, ಅದಕ್ಕ ತತ್ತಿಗೆ ಕಾವು ಕೊಡೋ ಮಷೀನ್ (ಇನ್ಕ್ಯುಬೇಟರ್) ಬೇಕು ಇಲ್ಲಾ ಜವಾರಿ ಹ್ಯಾಟಿ ಬೇಕು. ಈಗ ಮಂದಿ ಏನ್ ಮಾಡ್ಲತ್ತಾರ ಅಂದ್ರ ಅಸೀಲ್ ತತ್ತಿನೂ ಮಷೀನಿಗೆ, ಜವಾರಿ ತತ್ತಿನೂ ಮಷೀನಿಗೆ, 37.5 ಡಿಗ್ರಿ ಸೆಟ್ ಮಾಡಿದ್ರ 21 ದಿನಕ್ಕ ಮರಿ ರೆಡಿ, ತಾಯಿ ಯಾಕ ಬೇಕು ಅಂತಾರ. ಇದು ಕೇಳಲಿಕ್ಕಿ ಛಲೋ ಅನಿಸ್ತದ, ಆದ್ರ ಲೆಕ್ಕ ಹಾಕ್ರಿ. ಕಾವಿಗೆ ಕುಂತ ಹ್ಯಾಟಿ ಮೂರು ವಾರ ತತ್ತಿ ಇಡಂಗಿಲ್ಲ, ಆಮ್ಯಾಲ ಮರಿ ಜೋಡಿ ಇನ್ನೂ ಎರಡು ತಿಂಗಳ ತಿರುಗ್ತದ, ಅಂದ್ರ ವರ್ಷದಾಗ ಅದರ ತತ್ತಿ ಕಮ್ಮಿ. ಕಾವೇ ಬರಲಾರದ ಹ್ಯಾಟಿ ಸುಮ್ನ ಇಡ್ತಾ ಹೋಗ್ತದ. ಎಲ್ಲಾರ ತತ್ತಿ ಆರಿಸಿ ಒಂದ ಟ್ರೇದಾಗ ಹಾಕಿದ್ರ ಯಾರ ತತ್ತಿ ಹೆಚ್ಚಿಗಿ ಇರ್ತಾವ? ಕಾವು ಬರಲಾರದವ್ರದೇ. ಹುಟ್ಟೋ ಮರಿನೂ ಹೆಚ್ಚಿಗಿ ಅವರದೇ. ಹಿಂಗ ನಾಕೈದು ಪೀಳಿಗಿ ಹೋಯ್ತಂದ್ರ ನಿಮ್ಮ ಹಿಂಡಿನ್ಯಾಗ ತಾಯಿತನ ಮಾಡೋ ಕೋಳಿ ಹುಡುಕಬೇಕಾಗ್ತದ. ಬಿಳೀ ಲೆಗ್‌ಹಾರ್ನ್ ಕೋಳಿಗೆ ಆಗಿದ್ದೂ ಇದೇ, ಅಲ್ಲಿ ಬೇಕಂತಲೇ ಮಾಡ್ಯಾರ, ಫಾರಂದವ್ರಿಗೆ ಕಾವು ಬ್ಯಾಡಾಗಿತ್ತು. ನಮ್ಮ ಹಳ್ಳಿ ಮನ್ಯಾಗ ಕರೆಂಟ್ ಯಾವಾಗ ಬರ್ತದೋ ಯಾವಾಗ ಹೋಗ್ತದೋ, ಅಲ್ಲಿ ಕಾವು ಬರೋ ಹ್ಯಾಟಿನೇ ಇನ್ಕ್ಯುಬೇಟರ್, ಅದೇ ಮರಿ ಬೆಚ್ಚಗಿಡೋ ಬ್ರೂಡರ್, ಅದೇ ವಾಚ್‌ಮನ್.

ಗಿಡಗ ಹಕ್ಕಿ ಬಂದಾಗ ಅಸೀಲ್ ಹ್ಯಾಟಿ ನೋಡಬೇಕ್ರಿ ನೀವು. ಮರಿ ಎಲ್ಲಾ ಬೇಲಿ ಬುಡಕ ಸೇರಿಸಿ ತಾ ಮಾತ್ರ ಬಯಲಿನ್ಯಾಗ ರೆಕ್ಕಿ ಬಿಚ್ಚಿ ನಿಲ್ತದ. ಬೆಕ್ಕಿನ ಮುಖಕ್ಕ ಹಾರಿದ್ದೂ ನೋಡೀನಿ. ಆದ್ರ ತೂಕ ಭಾಳ ಅದಕ್ಕ, ಮೂರು ಕೆಜಿ ತನಕ ಬರ್ತದ, ತೆಳು ಸಿಪ್ಪಿ ತತ್ತಿ ಒಡೀತಾವ, ಹಂಗಾಗಿ ಅದರ ಕೆಳಗ ನಾ ಎಂಟು ಒಂಬತ್ತರ ಮ್ಯಾಲ ಇಡಂಗಿಲ್ಲ, ಜವಾರಿಗೆ ಹನ್ನೆರಡು ಇಟ್ರೂ ನಡೀತದ.

ನನ್ನ ಪದ್ಧತಿ ಇಷ್ಟೇ. ಪ್ರತಿ ಹ್ಯಾಟಿ ಕಾಲಿಗೆ ಬಣ್ಣದ ಟ್ಯಾಗ್, ತತ್ತಿ ಮ್ಯಾಲ ಪೆನ್ಸಿಲ್ಲಿಂದ ತಾರೀಖು ಮತ್ತ ಯಾರ್ದು ಅಂತ ಗುರ್ತು. ಹೆಚ್ಚಿಗಿ ಮರಿ ಮಾಡಿದ ಹ್ಯಾಟಿಗೆ ಮಾರ್ಕ್ ಕೊಡಂಗಿಲ್ಲ ನಾ, ಎಷ್ಟು ಮರಿನ್ನ ಎರಡು ತಿಂಗಳ ತನಕ ಉಳಿಸ್ಕೊಂಡು ಬಂತು ಅನ್ನೋದೇ ಲೆಕ್ಕ. ಹುಂಜ ಆರಿಸೋವಾಗೂ ಅದೇ. ಮಂದಿ ಹುಂಜನ ತಲಿ ನೋಡ್ತಾರ, ಕಾಲು ನೋಡ್ತಾರ, ಅಸೀಲ್ ಇದ್ರ ಜುಟ್ಟು ಸಣ್ಣ ಬಟಾಣಿ ಥರ ಒತ್ತಿ ಕುಂತದೋ ಇಲ್ಲೋ ನೋಡ್ತಾರ, ಯಾಕೂಬ್, ಪೀಲಾ, ನೂರಿ, ಕಾಗರ್ ಅಂತ ಬಣ್ಣದ ಹೆಸರು ಹಿಡ್ಕೊಂಡು ಗಂಟಿಗಟ್ಟಲೆ ಮಾತಾಡ್ತಾರ, ನಾನೂ ಮಾತಾಡ್ತೀನಿ ಖರೇ, ಮಜಾ ಇರ್ತದ. ಆದ್ರ ಈ ಹುಂಜನ ಅವ್ವ ಯಾರು, ಕಾವಿಗೆ ಕುಂತಿತ್ತೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ. ಹುಂಜ ತಾ ಕಾವಿಗೆ ಕೂಡಂಗಿಲ್ಲ, ಆದ್ರ ಅವ್ವನ ಗುಣ ಹೆಣ್ಮಕ್ಕಳಿಗೆ ಮುಟ್ಟಿಸ್ತದ.

ಹುಂಜ ಬದಲಿ ಮಾಡೋ ವಿಷಯ ಬಂತಂದ್ರ, ವರ್ಷಕ್ಕೊಮ್ಮಿ ಬ್ಯಾರೆ ಊರಿನ ಗೆಳೆಯರ ಜೋಡಿ ಅದ್ಲಾಬದ್ಲಿ ಮಾಡ್ಕೊಳ್ರಿ, ಚಿಂಚೋಳಿ ಕಡಿದು ಇಲ್ಲಿಗೆ ಇಲ್ಲಿದು ಅಲ್ಲಿಗೆ. ಅಪ್ಪ ಮಗಳು, ಅಣ್ಣ ತಂಗಿ ಅಂತ ಒಂದ ರಕ್ತ ತಿರುಗಿದ್ರ ಮರಿ ಆಗೋದೇ ಕಮ್ಮಿ ಆಗ್ತದ, ಆದವು ಗಟ್ಟಿ ಇರಂಗಿಲ್ಲ. ಮತ್ತ ಹೊಸಾ ಹುಂಜ ಬಿಟ್ಟ ಮರುದಿನವೇ ತತ್ತಿ ಆರಿಸಿ ಕಾವಿಗೆ ಇಡಬ್ಯಾಡ್ರಿ. ಹಳೇ ಹುಂಜನ ಬೀಜ ಹ್ಯಾಟಿ ಹೊಟ್ಟ್ಯಾಗ ಎರಡು ವಾರ, ಒಮ್ಮೊಮ್ಮಿ ಇನ್ನೂ ಹೆಚ್ಚಿಗಿ ದಿನ ಉಳೀತದ, ಮೂರು ವಾರ ಬಿಟ್ಟು ಬಂದ ತತ್ತಿ ಮಾತ್ರ ಹೊಸಾ ಹುಂಜಂದು ಅಂತ ನಂಬಬಹುದು. ನಡುವಿನ ತತ್ತಿ ಆಮ್ಲೆಟ್ಟಿಗೆ.

ನಮ್ಮ ಬಿಸಿಲಿನ ಮಾತು ಹೇಳದಿದ್ರ ಈ ಬರಹ ಬೆಂಗಳೂರಿನವ್ರು ಬರದಂಗ ಆಗ್ತದ. ಏಪ್ರಿಲ್ ಮೇದಾಗ ಕಲಬುರಗಿ 42, 43 ದಾಟ್ತದ. ತತ್ತಿ ಒಳಗಿನ ಜೀವ 21 ಡಿಗ್ರಿ ದಾಟಿದ್ರನೇ ಮೆಲ್ಲಕ ಬೆಳೀಲಿಕ್ಕಿ ಶುರು ಮಾಡ್ತದ, ಅಂದ್ರ ನೀವು ಅಡಿಗಿಮನಿ ಬುಟ್ಟ್ಯಾಗ ಆರಿಸಿಟ್ಟ ತತ್ತಿ ಕಾವಿಗೆ ಇಡೋದ್ರೊಳಗ ಅರ್ಧಮರ್ಧ ಬೆಳದು ಒಳಗೇ ಸತ್ತಿರ್ತಾವ. ಹುಂಜನೂ ಬಾಯಿ ತೆಗದು ಏದುಸಿರು ಬಿಡ್ತಿರ್ತದ, ಅದರ ಕಡಿಂದ ಏನ್ ಬಯಸ್ತೀರಿ. ನಮ್ಮವ್ವ ಮಣ್ಣಿನ ಗಡಿಗ್ಯಾಗ ಹಸಿ ಉಸುಕು ಹಾಕಿ, ಮ್ಯಾಲ ಅರಿವಿ ಹಾಸಿ ತತ್ತಿ ಇಡ್ತಿದ್ಳು, ಒಂದು ವಾರದ ಮಟ್ಟಿಗೆ ಇದಕ್ಕಿಂತ ಛಲೋ ಫ್ರಿಜ್ ನಾ ಕಂಡಿಲ್ಲ. ಆದ್ರೂ ನನ್ನ ಮುಖ್ಯ ಸೀಜನ್ ದಸರಾ ಮುಗದ ಮ್ಯಾಲಿಂದ ಶಿವರಾತ್ರಿ ತನಕ. ಮಳಿಗಾಲದ ಮರಿಗೆ ರಕ್ತಭೇದಿ ಕಾಟ, ನೆಲ ಹಸಿ ಇದ್ದಷ್ಟು ಆ ರೋಗ ಜೋರು. ಗೂಡಿನ ಗ್ವಾಡಿ ಶಹಾಬಾದ್ ಫರ್ಸಿಲೆ ಕಟ್ರಿ, ಮುಂಗುಸಿ ತೋಡಿ ಒಳಗ ಬರಂಗಿಲ್ಲ, ಆದ್ರ ಮ್ಯಾಲ ಫರ್ಸಿ ಹಾಕಬ್ಯಾಡ್ರಿ, ಹೆಂಚಿನಂಗ ಕಾಯ್ತದ. ತೊಗರಿ ಕಟ್ಟಿಗಿ ನಮ್ಮ ಕಡಿ ಫುಕಟ್ ಸಿಗ್ತದ, ಅದರದೇ ಚಪ್ಪರ ಸಾಕು.

ಕಾವಿನ ಬುಟ್ಟ್ಯಾಗ ಬೇವಿನ ಎಲಿ ಮತ್ತ ಬೂದಿ ಹಾಕ್ರಿ, ಹೇನು ಬಿದ್ರ ಎಂಥಾ ತಾಯಿನೂ ಎದ್ದು ಓಡ್ತದ. ಗುಡುಗಿಗೆ ತತ್ತಿ ಕೆಡ್ತಾವಂತ ನಮ್ಮವ್ವ ಒಂದು ಕಬ್ಬಿಣದ ಮೊಳಿ, ಎರಡು ಇದ್ದಲಿ ತುಂಡೂ ಇಡ್ತಾಳ. ನನಗ ನಂಬಿಕಿ ಇಲ್ಲ, ತೆಗೀಲಿಕ್ಕಿನೂ ಹೋಗಿಲ್ಲ, ಮನ್ಯಾಗ ಶಾಂತಿ ಮುಖ್ಯ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡದು ನೋಡಿ ಖಾಲಿ ತತ್ತಿ ತೆಗದುಬಿಡ್ರಿ, ರಕ್ತದ ನರ ಜೇಡಿನ ಬಲಿ ಥರ ಕಾಣಿಸಿದ್ರ ಜೀವ ಅದ ಅಂತ. ಲಸಿಕಿ ಮಾತ್ರ ಬಿಡಬ್ಯಾಡ್ರಿ, ಜವಾರಿಗೆ ರೋಗ ಬರಂಗಿಲ್ಲ ಅನ್ನೋದು ಸುಳ್ಳು, ರಾಣಿಖೇತ ರೋಗ ಬಂದ್ರ ಇಡೀ ಓಣಿ ಕೋಳಿ ಖಾಲಿ ಆಗ್ತಾವ. ಆ ರೋಗಕ್ಕ ಮೊದಲ ವಾರ ಲಾಸೋಟಾ ಲಸಿಕಿ ಹನಿ ಕಣ್ಣಿಗೆ, ಎರಡು ತಿಂಗಳಿಗೆ ಆರ್‌ಟುಬಿ ಲಸಿಕಿ ಸೂಜಿ, ಉಳದದ್ದು ನಿಮ್ಮ ಊರ ಪಶು ಡಾಕ್ಟರಿಗೆ ಕೇಳ್ರಿ.

ಗಿರಿರಾಜ, ಸ್ವರ್ಣಧಾರಾ ಕೋಳಿ ಬಗ್ಗೆ ಕೇಳ್ತಾರ. ಬೆಂಗಳೂರಿನ ಹೆಬ್ಬಾಳದಾಗ ತಯಾರಾದವು, ಹೈದರಾಬಾದಿನ ರಾಜೇಂದ್ರನಗರದ ವನರಾಜಾನೂ ಅದೇ ಜಾತಿ ಕೆಲಸ. ತತ್ತಿಗೆ, ತೂಕಕ್ಕ ಛಲೋ ಕೋಳಿ, ಬೈಯಂಗಿಲ್ಲ ನಾ. ಆದ್ರ ಅವು ಕ್ರಾಸ್, ಅವುಗಳ ಮರಿ ಅವರಂಗೇ ಬರಂಗಿಲ್ಲ, ಪ್ರತಿ ಸಲ ಹೊಸಾ ಮರಿ ತರಬೇಕು. ಮತ್ತ ಆ ಹುಂಜ ಓಣ್ಯಾಗ ಅಡ್ಡಾಡಿ ಜವಾರಿ ಹ್ಯಾಟಿ ಮ್ಯಾಲ ಏರಿದ್ರ ನಿಮ್ಮ ತಳಿ ಕಥಿ ಮುಗೀತು. ಈಗ ಸಂತ್ಯಾಗ ಜವಾರಿ ಅಂತ ಮಾರೋದ್ರಾಗ ಅರ್ಧ ಇಂಥಾವೇ ಅಂತ ನನಗ ಅನುಮಾನ. ಹರಿಯಾಣದ ಕರ್ನಾಲದಾಗ ದೇಶದ ತಳಿಗಳ ಹೆಸರು ದಾಖಲು ಮಾಡೋ ರಾಷ್ಟ್ರೀಯ ಪಟ್ಟಿನ್ಯಾಗ ಅಸೀಲ್ ಅದ, ಕಡಕ್‌ನಾಥ್ ಅದ, ಆಂಧ್ರ ಕರ್ನಾಟಕದ ಘಾಗಸ್ ಅದ. ನಮ್ಮ ಊರಾನ ಬೂದಿ ಬಣ್ಣದ, ಚುಕ್ಕಿ ಚುಕ್ಕಿ ಜವಾರಿಗೆ ಅಂಥಾ ಹೆಸರಿಲ್ಲ, ಹೆಸರಿಲ್ಲಂದ್ರ ಕಳದ್ರೂ ಯಾರೂ ಲೆಕ್ಕ ಇಡಂಗಿಲ್ಲ.

ಇನ್ನ ಸಂಕ್ರಾಂತಿ ಮುಂದ ತೆಲಂಗಾಣ ಆಂಧ್ರದ ಕಡಿಂದ ಅಸೀಲ್ ಹುಂಜಕ್ಕ ಫೋನ್ ಬರ್ತಾವ, ರೇಟೂ ಜೋರು ಹೇಳ್ತಾರ. ಕೊಡಂಗಿಲ್ಲ. ಹುಂಜನ ಕಾಳಗಕ್ಕ ಬೇಕಂತ ಅವರಿಗೆ, ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆದಾಗೇ ಅಪರಾಧ, ಅದು ಬಿಡ್ರಿ, ಎರಡು ವರ್ಷ ಕಾದು ಆರಿಸಿದ ಹುಂಜನ ಕಾಲಿಗೆ ಚಾಕು ಕಟ್ಟಿ ಒಂದ ಮಧ್ಯಾಹ್ನದಾಗ ಮುಗಿಸೋದು ನನಗ ಆಗಂಗಿಲ್ಲ.

ತತ್ತಿ ಬೇಕಾದವ್ರು ಈಗ ಕೇಳಬ್ಯಾಡ್ರಿ, ದಸರಾ ಆದ ಮ್ಯಾಲ ಬರ್ರಿ. ಕೊರಿಯರ್ ಮಾಡಂಗಿಲ್ಲ, ಜರ್ಕಿಗೆ ಹಾಳಾಗ್ತಾವ. ನಿಮ್ಮಲ್ಲಿ ಕಾವಿಗೆ ಕುಂತ ಹ್ಯಾಟಿ ಅದ ಅಂದ್ರ ಮೊದಲು ನಿಮಗೇ ಕೊಡ್ತೀನಿ, ಬರೋವಾಗ ಹ್ಯಾಟಿ ಫೋಟೋ ತರ್ರಿ, ಮಷೀನಿನ ಫೋಟೋ ಬ್ಯಾಡ.