ಕೊಕ್ಕರೆ ಕೊಕ್ಕಿನ ಹೂವು, ಮಾವಿನಮರದ ಬುಡ

ನಮ್ಮ ಮನೆ ಇರುವುದು ಬೆಳಗಾವಿಯ ಟಿಳಕವಾಡಿಯಲ್ಲಿ. ಹಿತ್ತಲಲ್ಲಿ ಹಳೆಯ ಮಾವಿನಮರ ಇದೆ. ಅದರ ಬುಡದ ಸುತ್ತಲಿನ ಜಾಗ ವರ್ಷಾನುಗಟ್ಟಲೆ ನನ್ನನ್ನು ಕಾಡಿದೆ. ಮಳೆಗಾಲದಲ್ಲಿ ಮೊಣಕಾಲೆತ್ತರ ಕಾಂಗ್ರೆಸ್ ಕಸ, ಬೇಸಿಗೆಯಲ್ಲಿ ಬೋಳು ಮಣ್ಣು.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಗುಲಾಬಿ ಗಿಡಗಳ ಕೆಳಗೆ ಒಂದು ಚೂರೂ ಮಣ್ಣು ಕಾಣುತ್ತಿರಲಿಲ್ಲ. ತುಂಬ ನೀಲಿ ಹೂವು, ನಡುವೆ ಬಿಳಿ, ಎಸಳಿನ ಮೇಲೆ ಸಣ್ಣ ನೇರಳೆ ಗೆರೆ. "ಜೆರೇನಿಯಂ ಇದು. ಮಣ್ಣು ಮುಚ್ಚಿದ್ರ ಕಸಕ್ಕ ಬೆಳಕ ಸಿಗೂದಿಲ್ಲ, ಅಷ್ಟ" ಅಂದಳು ಅಕ್ಕ. ಅದು ರೋಜ಼ಾನ್ ಎಂಬ ತಳಿ. ಅಲ್ಲಿಯ ಸಾಮರ್ಸೆಟ್‌ನ ಒಂದು ಮನೆಯ ತೋಟದಲ್ಲಿ ತಾನಾಗಿ ಹುಟ್ಟಿದ್ದು, 2000ದಲ್ಲಿ ಮಾರಾಟಕ್ಕೆ ಬಂತು. ಅದರ ತಂದೆ ತಾಯಿ ಎರಡೂ ಹಿಮಾಲಯದ ಜಾತಿಯ ಗಿಡಗಳು ಅಂತ ತಿಳಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಆದರೆ ನನ್ನ ಮನಸ್ಸು ನಿಂತದ್ದು ಇನ್ನೊಂದರ ಮೇಲೆ, ಅವಳ ಸೇಬಿನಮರದ ಕೆಳಗಿದ್ದ ಮ್ಯಾಕ್ರೊರೈಜ಼ಂ, ಅದೂ ಜೆರೇನಿಯಂನದೇ ಒಂದು ಜಾತಿ. ಒಣ ನೆರಳು, ತುಂಬಾ ಬೇರು, ನಮ್ಮ ಮಾವಿನ ಬುಡದ ಹಾಗೇ ಜಾಗ. ಎಲೆ ಹಿಸುಕಿದರೆ ಕೈಗೆಲ್ಲ ಗಾಢ ವಾಸನೆ. ಹೆಬ್ಬೆರಳು ದಪ್ಪದ ಕಾಂಡ ನೆಲದ ಮೇಲೇ ಹರಿದಿತ್ತು. ಅಕ್ಕ ಒಂದು ಗೇಣು ತುಂಡು ಮುರಿದು, ಪಕ್ಕದ ಬರಿ ಜಾಗದಲ್ಲಿ ಅಡ್ಡ ಮಲಗಿಸಿ ಮಣ್ಣು ಒತ್ತಿದಳು. ನೆಡುವುದು ಅಂದರೆ ಅಷ್ಟೇ. ಅವಳು ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡುತ್ತಾಳೆ. ಇವುಗಳಲ್ಲಿ ಬಹಳಷ್ಟು ಜಾತಿಗಳನ್ನು ಮೊದಲ ಸುತ್ತಿನ ಹೂ ಮುಗಿದ ಮೇಲೆ ನೆಲಮಟ್ಟಕ್ಕೆ ಕತ್ತರಿಸಿ ನೀರು ಕೊಟ್ಟರೆ, ಕೆಲವೇ ವಾರಗಳಲ್ಲಿ ಹೊಸ ಎಲೆ ಬಂದುಬಿಡುತ್ತೆ.

ಹೂ ಉದುರಿದ ಮೇಲೆ ಅಲ್ಲೊಂದು ಉದ್ದ ಚೂಪು ಕಾಯಿ ನಿಲ್ಲುತ್ತದೆ, ಥೇಟ್ ಕೊಕ್ಕರೆಯ ಕೊಕ್ಕು. ಹೆಸರು ಬಂದದ್ದೂ ಹೀಗೇ, ಗ್ರೀಕ್‌ನಲ್ಲಿ ಗೆರಾನೋಸ್ ಅಂದರೆ ಕೊಕ್ಕರೆಯಂಥ ಉದ್ದ ಕೊಕ್ಕಿನ ಕ್ರೇನ್ ಹಕ್ಕಿ. ಒಣಗಿದ ಒಂದನ್ನು ಬೆರಳಿಂದ ಮುಟ್ಟಿದೆ, ಟಕ್ ಅಂತ ಸೀಳಿ ಸುರುಳಿ ಸುತ್ತಿಕೊಂಡು ಬೀಜ ಎಲ್ಲೋ ಹಾರಿಹೋಯಿತು.

ಊರಿಗೆ ಬಂದವನೇ ಇಲ್ಲಿಯ ಒಂದು ನರ್ಸರಿಯಲ್ಲಿ ಜೆರೇನಿಯಂ ಕೇಳಿ ಆರು ಸಸಿ ತಂದು ಮಾವಿನ ಕೆಳಗೆ ಹಚ್ಚಿದೆ. ಜುಲೈ ಮಳೆಗೆ ಬುಡ ಕಪ್ಪಾಗಿ ಆರೂ ಕೊಳೆತವು. ತುಂಬಾ ಬೇಜಾರಾಯ್ತು. ಆಮೇಲೆ ಕೂತು ಓದಿದಾಗ ತಿಳಿಯಿತು, ಅವು ಪೆಲಾರ್ಗೋನಿಯಂ. ಹೆಚ್ಚಾಗಿ ದಕ್ಷಿಣ ಆಫ್ರಿಕಾದವು, ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಎರಡನ್ನೂ ಜೆರೇನಿಯಂ ಅಂತ ಒಟ್ಟಿಗೆ ಇಟ್ಟಿದ್ದ. 1789ರಲ್ಲಿ ಬೇರೆ ಮಾಡಿದರೂ ಮಾರುವವರ ಬಾಯಲ್ಲಿ ಹಳೆ ಹೆಸರೇ ಉಳಿಯಿತು. ಕೊಳ್ಳುವ ಮುಂಚೆ ಹೂ ನೋಡಿ. ನಿಜವಾದ ಜೆರೇನಿಯಂನಲ್ಲಿ ಐದು ಎಸಳೂ ಒಂದೇ ತರ, ಪೆಲಾರ್ಗೋನಿಯಂನಲ್ಲಿ ಸಾಮಾನ್ಯವಾಗಿ ಮೇಲಿನ ಎರಡು ಬೇರೆ, ಕೆಳಗಿನ ಮೂರು ಬೇರೆ.

ಹಾಗಾದರೆ ನಿಜವಾದದ್ದನ್ನೇ ತರಿಸಬಹುದಿತ್ತಲ್ವಾ? ಯೋಚಿಸಿದೆ, ಬಿಟ್ಟೆ. ಅದು ಚಳಿಯಲ್ಲಿ ಮಲಗಿ ವಸಂತಕ್ಕೆ ಏಳುವ ಗಿಡ. ಬೆಳಗಾವಿ ಎಷ್ಟೇ ತಂಪು ಅಂದರೂ ನಮ್ಮ ಏಪ್ರಿಲ್ ಅದಕ್ಕೆ ಜಾಸ್ತಿ ಆಗುತ್ತದೆ. ಶಿಮ್ಲಾ ಕಡೆ ಇರುವವರು ಖಂಡಿತ ಹಚ್ಚಬೇಕು.

ನಾನು ಹಚ್ಚಿದ್ದು ಶೇಂಗಾದ ಬಳಗದ ಪಿಂಟೋ, ಮೂಲ ಬ್ರೆಜ಼ಿಲ್. ಎಲೆ ನೋಡಿದರೆ ಹೊಲದ ಶೇಂಗಾನೇ, ಒಂದು ಕಡ್ಡಿಗೆ ನಾಲ್ಕು ಎಲೆ, ಹಳದಿ ಹೂ. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದುಕೊಳ್ಳುತ್ತದೆ, ಗೊಬ್ಬರದ ಚಿಂತೆ ಕಡಿಮೆ. ಮಿರಗದ ಮಳೆ ಹಿಡಿದ ಕೂಡಲೇ ಅಡಿಗೊಂದು ತುಂಡು ಚುಚ್ಚಿದೆ, ದಸರಾ ಹೊತ್ತಿಗೆ ಮೂರು ಕಡೆ ನೆಲ ಮುಚ್ಚಿತ್ತು. ಪಶ್ಚಿಮಕ್ಕೆ, ನೆರಳು ದಟ್ಟ ಇರುವಲ್ಲಿ, ಇನ್ನೂ ತೆಳುವಾಗಿದೆ. ಬರುವ ಮಿರಗಕ್ಕೆ ಅಲ್ಲಿ ಕೆಳಗಿನ ಎರಡು ಟೊಂಗೆ ಕಡಿದು ಮತ್ತೆ ಚುಚ್ಚಬೇಕು.