ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಮನೆಗಳು ಎಲ್ಲಿಂದ ಬಂದವು?

ಪೋಲೆಂಡಿನ ಕಾಝಿಮಿಯೆಶ್ ದೋಲ್ನಿಯ ಫೋಟೋ ತೋರಿಸಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ‘ನಾಲ್ಕು ಸಾವಿರ ಜನವೂ ಇಲ್ಲದ ಊರು ಅಂತೀರಿ. ಇಷ್ಟು ಭರ್ಜರಿ ಮನೆಗಳನ್ನು ಕಟ್ಟಿಸಿದ್ದು ಯಾರು?’

ಕಟ್ಟಿಸಿದ್ದು ನದಿ ಅಂತಲೇ ಹೇಳುತ್ತೇನೆ. ಊರು ಇರುವುದು ವಿಸ್ತುಲಾದ ಬಲದಂಡೆಯಲ್ಲಿ. ಆ ನದಿ ಉತ್ತರಕ್ಕೆ ಹರಿದು, ವಾರ್ಸಾ ದಾಟಿ, ಗ್ಡಾನ್ಸ್ಕ್ ಬಂದರಿನ ಹತ್ತಿರ ಸಮುದ್ರ ಸೇರುತ್ತದೆ. 16-17ನೇ ಶತಮಾನದಲ್ಲಿ ಪಶ್ಚಿಮ ಯುರೋಪಿಗೆ ಕಾಳು ಬೇಕಿತ್ತು, ಪೋಲೆಂಡಿನಲ್ಲಿ ಬೆಳೆ ಇತ್ತು. ಸುತ್ತಲಿನ ಗೋಧಿ, ರೈ ಧಾನ್ಯ ಎಲ್ಲ ಇಲ್ಲಿನ ಕಣಜಗಳಲ್ಲಿ ತುಂಬಿ, ದೋಣಿ ಹತ್ತಿ ಗ್ಡಾನ್ಸ್ಕ್‌ಗೆ ಹೋಗುತ್ತಿತ್ತು. ಕಣಜ ಅಂದರೆ ಸಣ್ಣದಲ್ಲ, ಸುಣ್ಣಕಲ್ಲಿನ ದೊಡ್ಡ ಕಟ್ಟಡ. ಕೆಲವು ಇವತ್ತಿಗೂ ನಿಂತಿವೆ.

ಹೆಸರಿನಲ್ಲೂ ನದಿಯೇ ಇದೆ. ‘ದೋಲ್ನಿ’ ಅಂದರೆ ಕೆಳಗಿನದು. ನದಿಯ ಮೇಲ್ಭಾಗದಲ್ಲಿ, ಕ್ರಾಕೋವ್ ಪಕ್ಕ, ಇನ್ನೊಂದು ಕಾಝಿಮಿಯೆಶ್ ಇದೆಯಲ್ವಾ, ಅದಕ್ಕೆ.

ಸಂತೆಚೌಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮನೆಗಳಿವೆ. 1615ರ ಹೊತ್ತಿಗೆ ಪ್ಷಿಬಿವಾ ಮನೆತನದ ಅಣ್ಣತಮ್ಮಂದಿರು ಕಟ್ಟಿಸಿದ್ದು. ಒಬ್ಬ ಮಿಕೋವಾಯ್, ಇನ್ನೊಬ್ಬ ಕ್ಷಿಶ್ತೋಫ್. ಅವರವರ ಹೆಸರಿನ ಸಂತನನ್ನೇ ಅವರವರ ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಕ್ಷಿಶ್ತೋಫನ ಮನೆಯ ಸಂತ ಭಾರೀ ಆಳು. ಹೆಗಲ ಮೇಲೆ ಬಾಲಯೇಸುವನ್ನು ಕೂರಿಸಿಕೊಂಡು ಹೊಳೆ ದಾಟಿಸಿದವನು. ನದಿಯಿಂದ ಬದುಕು ಕಟ್ಟಿಕೊಂಡ ಊರಿಗೆ ಇದಕ್ಕಿಂತ ತಕ್ಕ ಸಂತ ಸಿಗುವುದಿಲ್ಲ.

1650ರ ದಶಕದ ಸ್ವೀಡನ್ ಯುದ್ಧ ಊರನ್ನು ಸುಟ್ಟಿತು. ಆಮೇಲೆ ದೇಶವೇ ನೆರೆಯ ರಾಜ್ಯಗಳ ನಡುವೆ ಹಂಚಿಹೋಗಿ ಗ್ಡಾನ್ಸ್ಕ್ ದಾರಿಗೆ ಗಡಿ ಅಡ್ಡ ಬಂತು. ವ್ಯಾಪಾರ ಸೊರಗಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡಿರಲಿಲ್ಲ. ಹಳೆಯ ರೂಪ ಉಳಿದದ್ದು ಆ ಬಡತನದಿಂದಲೇ ಅಂತ ನನ್ನ ಅನಿಸಿಕೆ. ಮಹಾಯುದ್ಧಗಳಲ್ಲಿ ಹಾಳಾದದ್ದನ್ನು ಮುಂದೆ ವಾಸ್ತುಶಿಲ್ಪಿ ಕರೋಲ್ ಸಿಚಿನ್ಸ್ಕಿ ಅದೇ ರೂಪದಲ್ಲಿ ಎತ್ತಿ ನಿಲ್ಲಿಸಿದರು.

ಊರ ಹಿಂದಿನ ನೆಲವನ್ನೂ ನೋಡಬೇಕು. ಹಿಮಯುಗದಲ್ಲಿ ಗಾಳಿ ಹೊತ್ತು ತಂದ ನುಣುಪಾದ ಹಳದಿ ಮಣ್ಣು ಅದು. ಮಳೆನೀರು, ಗಾಡಿಚಕ್ರ ಕೊರೆದು ಕೊರೆದು ಆಳದ ಕೊರಕಲುಗಳಾಗಿವೆ. ಈ ಮಣ್ಣು ಕುಸಿಯದೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಕೊಝೆನಿಯೋವಿ ದೂವ್ ಅನ್ನುವ ಕೊರಕಲಿನಲ್ಲಿ ಎರಡೂ ಕಡೆ ಮರದ ಬೇರುಗಳು ಬಯಲಾಗಿ ಜೋತಾಡುತ್ತವೆ. ಮೈಮೇಲೆ ಬೇರು, ಅದರ ಮೇಲೆ ಕಾಡು!

ಯಾರು ಕಟ್ಟಿದರು ಎಂದು ಕೇಳಿದವರಿಗೆ ಇನ್ನೊಂದು ಮಾತನ್ನೂ ಹೇಳದೆ ಬಿಡುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲು ಇಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಯಹೂದಿಗಳು. 1942ರಲ್ಲಿ ನಾಜಿಗಳು ಅವರನ್ನೆಲ್ಲ ಊರಿನಿಂದ ಸಾಗಿಸಿದರು. ಅವರ ಸಮಾಧಿಕಲ್ಲುಗಳನ್ನು ಕಿತ್ತು ನೆಲಕ್ಕೆ ಹಾಸಿದರು. 1980ರ ದಶಕದಲ್ಲಿ ಆ ಒಡೆದ ಕಲ್ಲುಗಳನ್ನೇ ಜೋಡಿಸಿ ಒಂದು ಉದ್ದನೆ ಗೋಡೆ ಕಟ್ಟಿದರು. ಕೆಲವು ಕಲ್ಲಿನಲ್ಲಿ ಅರ್ಧ ಹೆಸರು ಮಾತ್ರ ಇದೆ. ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಬೇಕೆಂದೇ ಬಿಟ್ಟ ಬಿರುಕು. ಅದರ ಆಚೆ, ಮರಗಳ ನಡುವೆ, ಇನ್ನೂ ಕೆಲವು ಕಲ್ಲುಗಳು ನಿಂತಿವೆ.